ಗಾಯದ ಮೇಲಿನ ಬಿಳಿ ನೊರೆ: ಹೈಡ್ರೋಜನ್ ಪೆರಾಕ್ಸೈಡನ್ನು ಎಲ್ಲಿ ಬಳಸಬೇಕು, ಎಲ್ಲಿ ದೂರ ಇಡಬೇಕು

ಕಳೆದ ಆಟಿ ತಿಂಗಳಲ್ಲಿ ಅಕ್ಕನ ಮಗಳು ಕಿವಿಯ ಮೇಲಂಚನ್ನು ಚುಚ್ಚಿಸಿಕೊಂಡಳು. ಹಾಲೆಯಲ್ಲ, ಅದರ ಮೇಲಿನ ಗಟ್ಟಿ ಭಾಗ. ಎರಡು ವಾರ ಕಳೆದು ಉಡುಪಿಯ ನಮ್ಮ ಮನೆಗೆ ಬಂದಾಗ ಕಿವಿ ಕೆಂಪಾಗಿತ್ತು, ತೂತಿನ ಸುತ್ತಲಿನ ಚರ್ಮ ಬಿಳಿಚಿಕೊಂಡು ಸುಲಿಯುತ್ತಿತ್ತು. ಅವಳ ಚೀಲದಲ್ಲಿ ಹೈಡ್ರೋಜನ್ ಪೆರಾಕ್ಸೈಡಿನ ಕಂದು ಬಣ್ಣದ ಒಂದು ಬಾಟಲಿ ಇತ್ತು. ದಿನಕ್ಕೆ ಮೂರು ಸಲ ಹತ್ತಿಯನ್ನು ಅದರಲ್ಲಿ ಅದ್ದಿ ಒತ್ತುತ್ತಿದ್ದಳಂತೆ. "ಚಿಕ್ಕಮ್ಮ, ಇವತ್ತೂ ನೊರೆ ಬಂತು. ಹಾಗಾದರೆ ಒಳಗೆ ಕೀಟಾಣು ಇನ್ನೂ ಉಳಿದಿದೆ ಅಲ್ಲವೇ?" ಎಂದು ಕೇಳಿದಳು.

ಗಾಯಗಳಿಗೆ ಪಟ್ಟಿ ಕಟ್ಟುವ ಡ್ರೆಸ್ಸಿಂಗ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ನನಗೆ ಈ ಪ್ರಶ್ನೆ ಹೊಸದಲ್ಲ. ಮೀನು ಕುಯ್ಯುವಾಗ ಬೆರಳು ಕತ್ತರಿಸಿಕೊಂಡ ಮಲ್ಪೆಯ ಹೆಂಗಸರು, ಬೈಕಿನಿಂದ ಬಿದ್ದು ಮೊಣಕಾಲು ತರಚಿಸಿಕೊಂಡ ಕಾಲೇಜು ಹುಡುಗರು, ಮೂಗು ಚುಚ್ಚಿಸಿಕೊಂಡ ಮದುಮಗಳು, ಎಲ್ಲರ ಕಣ್ಣೂ ನೊರೆಯ ಮೇಲೆಯೇ. ನೊರೆ ಎದ್ದರೆ ಕೊಳೆ ಹೊರಗೆ ಬಂತು, ನೊರೆ ನಿಂತರೆ ಗಾಯ ಶುದ್ಧವಾಯಿತು ಎಂಬ ನಂಬಿಕೆ. ಈ ನಂಬಿಕೆಯಿಂದ ಬೇಗ ಮಾಯಬೇಕಾದ ಎಷ್ಟೋ ಗಾಯಗಳು ವಾರಗಟ್ಟಲೆ ಹಸಿಯಾಗಿಯೇ ಉಳಿದದ್ದನ್ನು ಕಂಡಿದ್ದೇನೆ. ಆದ್ದರಿಂದ ನೊರೆಯ ವಿಷಯದಿಂದಲೇ ಆರಂಭಿಸುತ್ತೇನೆ.

ಮೊದಲು ಒಂದು ಬಟಾಟೆ ಕುಯ್ದು ನೋಡಿ

ಮನೆಯಲ್ಲಿ ಪೆರಾಕ್ಸೈಡ್ ಇದ್ದರೆ, ಹಸಿ ಬಟಾಟೆಯನ್ನು ಕುಯ್ದು ಅದರ ಮೇಲೆ ನಾಲ್ಕು ಹನಿ ಬಿಡಿ. ಗಾಯದ ಮೇಲೆ ಬರುವಂತಹುದೇ ನೊರೆ ಏಳುತ್ತದೆ. ಬಂಗುಡೆ ತಂದ ದಿನವಾದರೆ ಅದರ ಕಿವಿರಿನ ಮೇಲೆ ಬಿಡಿ, ಭೋರ್ಗರೆಯುತ್ತದೆ. ಈಗ ಇನ್ನೊಂದು ಬಟಾಟೆಯನ್ನು ಚೆನ್ನಾಗಿ ಬೇಯಿಸಿ, ಆರಿಸಿ, ಅದರ ಮೇಲೆ ಬಿಡಿ. ಏನೂ ಆಗುವುದಿಲ್ಲ.

ಬಟಾಟೆಗೆ ಗಾಯದ ಸೋಂಕು ತಗಲಿರಲಿಲ್ಲ. ನೊರೆ ಎಬ್ಬಿಸಿದ್ದು ಅದರ ಜೀವಕೋಶಗಳಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ. ಅದು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ಆ ಆಮ್ಲಜನಕವೇ ಗುಳ್ಳೆ. ಬೇಯಿಸಿದಾಗ ಕಿಣ್ವ ಕೆಡುತ್ತದೆ, ನೊರೆಯೂ ನಿಲ್ಲುತ್ತದೆ. ನಮ್ಮ ರಕ್ತದಲ್ಲಿ, ಮಾಂಸದಲ್ಲಿ ಈ ಕಿಣ್ವ ಧಾರಾಳವಾಗಿದೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿಯೂ ಇದೆ, ಆದರೆ ಗಾಯದ ಮೇಲೆ ನೀವು ಕಾಣುವ ನೊರೆಯ ಬಹುಪಾಲು ನಿಮ್ಮದೇ ರಕ್ತ ಮತ್ತು ಕೋಶಗಳಿಂದ ಎದ್ದದ್ದು. ಗಾಯ ಹಸಿಯಾಗಿರುವವರೆಗೆ ನೊರೆ ಬರುತ್ತಲೇ ಇರುತ್ತದೆ. ಅದು ನಿಲ್ಲುವವರೆಗೆ ಸುರಿಯುತ್ತೇನೆ ಎಂದು ಹೊರಟರೆ ಮುಗಿಯುವ ಮಾತೇ ಇಲ್ಲ.

ಪೆರಾಕ್ಸೈಡ್ ಕೀಟಾಣುಗಳನ್ನು ಕೊಲ್ಲುವುದು ನಿಜ. 1818ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಜಾಕ್ ಥೆನಾರ್ ಅದನ್ನು ಮೊದಲು ತಯಾರಿಸಿದರು. ಆಂಟಿಬಯಾಟಿಕ್ ಇಲ್ಲದ ಕಾಲದ ವೈದ್ಯರಿಗೆ ಅದು ದೊಡ್ಡ ಆಸರೆಯಾಗಿತ್ತು. ತೊಂದರೆ ಏನೆಂದರೆ ಅದಕ್ಕೆ ವೈರಿ ಯಾರು, ಮನೆಯವರು ಯಾರು ಎಂದು ಗೊತ್ತಿಲ್ಲ. ಗಾಯವನ್ನು ಮುಚ್ಚಲು ಅಂಚಿನಿಂದ ತೆವಳಿ ಬರುವ ಹೊಸ ಚರ್ಮದ ಕೋಶಗಳನ್ನೂ, ಒಳಗೆ ನಾರು ನೇಯುವ ಕೋಶಗಳನ್ನೂ ಅದು ಸುಡುತ್ತದೆ. ನಮ್ಮ ಬಿಳಿ ರಕ್ತಕಣಗಳು ತಾವೇ ಪೆರಾಕ್ಸೈಡನ್ನು ತಯಾರಿಸಿ ಸೋಂಕಿನ ವಿರುದ್ಧ ಬಳಸುತ್ತವೆ, ಆದರೆ ಅತ್ಯಲ್ಪ ಪ್ರಮಾಣದಲ್ಲಿ, ಬೇಕಾದ ಜಾಗದಲ್ಲಿ ಮಾತ್ರ. ಬಾಟಲಿಯಿಂದ ಸುರಿದದ್ದಕ್ಕೆ ಆ ಲೆಕ್ಕ ಇಲ್ಲ. ಬಿದ್ದ ತಕ್ಷಣ ಒಮ್ಮೆ ಹಚ್ಚಿದ್ದರಿಂದ ಗಾಯ ಹಾಳಾಯಿತು ಎಂದು ಹೆದರಬೇಡಿ. ದಿನವೂ ಹಚ್ಚುವುದನ್ನು ಬಿಡಿ.

ಬಾಟಲಿಯ ಮೇಲೆ ಏನು ಬರೆದಿದೆ?

ಇದನ್ನು ಓದದೆ ಮುಚ್ಚಳ ತೆರೆಯಬಾರದು. ಬೇರೆ ದೇಶಗಳ ಮಾಹಿತಿಯಲ್ಲಿ ಸಾಮಾನ್ಯವಾಗಿ 3% ದ್ರಾವಣದ ಮಾತಿರುತ್ತದೆ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ 6% ದ್ರಾವಣವೂ ಸಿಗುತ್ತದೆ. ಶೇಕಡಾವಾರಿನ ಬದಲು ಕೆಲವೊಮ್ಮೆ '20 ವಾಲ್ಯೂಮ್' ಎಂದು ಬರೆದಿರುತ್ತಾರೆ. ಒಂದು ಮಿಲಿಲೀಟರ್ ದ್ರಾವಣ 20 ಮಿಲಿಲೀಟರ್ ಆಮ್ಲಜನಕ ಕೊಡುತ್ತದೆ ಎಂದು ಅದರ ಅರ್ಥ. 10 ವಾಲ್ಯೂಮ್ ಎಂದರೆ ಸುಮಾರು 3%, 20 ವಾಲ್ಯೂಮ್ ಎಂದರೆ ಸುಮಾರು 6%. ಆರನ್ನು ಮೂರು ಮಾಡಲು ಅಷ್ಟೇ ಅಳತೆಯ ಕುದಿಸಿ ಆರಿಸಿದ ನೀರು ಸೇರಿಸಬೇಕು, ಆಗಿಂದಾಗ ಬೇಕಾದಷ್ಟು ಮಾತ್ರ.

ಬ್ಯೂಟಿ ಪಾರ್ಲರಿನಲ್ಲಿ ಕೂದಲಿಗೆ ಬಣ್ಣ ಹಾಕುವಾಗ ಬಳಸುವ 30, 40 ವಾಲ್ಯೂಮಿನ ಡೆವಲಪರ್ ಕೂಡ ಪೆರಾಕ್ಸೈಡೇ. ಅದು 9ರಿಂದ 12% ಇರುತ್ತದೆ. ಒಬ್ಬ ಹುಡುಗಿ ಅದನ್ನು ಹೊಸದಾಗಿ ಚುಚ್ಚಿಸಿದ ಕಿವಿಗೆ ಹಚ್ಚಿ ಚರ್ಮ ಸುಟ್ಟುಕೊಂಡು ಬಂದಿದ್ದಳು. 35%ನ ದ್ರಾವಣವಂತೂ ಮನೆಯೊಳಗೆ ಬರಲೇಬಾರದು.

ಮನೆಯಲ್ಲಿ ಚಿಕ್ಕ ಗಾಯವಾದಾಗ

ಈಳಿಗೆಮಣೆ ತಗಲಿತು, ಅಂಗಳದ ಪಾಚಿಯಲ್ಲಿ ಜಾರಿ ಮೊಣಕೈ ತರಚಿತು ಎಂದಿಟ್ಟುಕೊಳ್ಳಿ. ಮೊದಲು ನಿಮ್ಮ ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಗಾಯ ತೊಳೆಯುವ ಅವಸರದಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲೆ ಒತ್ತಿ ಹಿಡಿಯಿರಿ. ಗಡಿಯಾರ ನೋಡಿ ಹತ್ತು ನಿಮಿಷ. ನಿಂತಿತೇ ಎಂದು ನಡುವೆ ಎತ್ತಿ ನೋಡಬೇಡಿ. ಪ್ರತಿ ಸಲ ಎತ್ತಿದಾಗಲೂ ಆಗಷ್ಟೇ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ.

ಆಮೇಲೆ ನೀರು. ಹರಿಯುವ ನೀರಿನಷ್ಟು ಒಳ್ಳೆಯ ಔಷಧ ಗಾಯಕ್ಕೆ ಬೇರೆ ಇಲ್ಲ ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಕುಡಿಯಲು ಯೋಗ್ಯವಾದ ನಲ್ಲಿ ನೀರಾದರೆ ಸಾಕು. ಬಾವಿಯ ನೀರಾದರೆ, ಅದರಲ್ಲಿಯೂ ಮಳೆಗಾಲದಲ್ಲಿ ಬಾವಿ ತುಂಬಿ ಕದಡಿದ್ದರೆ, ಕುದಿಸಿ ಆರಿಸಿ ಚೆಂಬಿನಿಂದ ಧಾರೆಯಾಗಿ ಸುರಿಯಿರಿ. ಐದು ನಿಮಿಷವಾದರೂ ಹರಿಯಲಿ. ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ. ಮರಳು, ಮಣ್ಣಿನ ಕಣ ಉಳಿದಿದ್ದರೆ ಕುದಿಸಿದ ಚಿಮುಟದಿಂದ ತೆಗೆಯಿರಿ. ಪೆರಾಕ್ಸೈಡಿನ ಗುಳ್ಳೆ ಕಸವನ್ನು ಮೇಲಕ್ಕೆ ಎತ್ತುತ್ತದೆ ಎನ್ನುತ್ತಾರೆ. ಸ್ವಲ್ಪ ಎತ್ತುತ್ತದೆ, ಆದರೆ ನೀರಿನ ಧಾರೆ ಅದಕ್ಕಿಂತ ಚೆನ್ನಾಗಿ, ಉರಿಯಿಲ್ಲದೆ ಎತ್ತುತ್ತದೆ.

ತೊಳೆದ ಮೇಲೆ ಒತ್ತಿ ಒರೆಸಿ, ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಿ, ಗಾಜ್ ಬಟ್ಟೆ ಅಥವಾ ಪಟ್ಟಿಯಿಂದ ಮುಚ್ಚಿ. ಗಾಳಿಗೆ ಬಿಟ್ಟು ಒಣಗಿಸಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು, ನಾನೂ ಹಾಗೆಯೇ ಕಲಿತಿದ್ದೆ. ಆದರೆ 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವವಾಗಿ ಇಟ್ಟ ಗಾಯದ ಮೇಲೆ ಹೊಸ ಚರ್ಮ ಬೇಗ ಹಬ್ಬುತ್ತದೆ ಎಂದು ತೋರಿಸಿದರು. ಹಕ್ಕಳೆ ಗಟ್ಟಿಯಾದಷ್ಟೂ ಹೊಸ ಕೋಶಗಳು ಅದರ ಅಡಿಯಲ್ಲಿ ದಾರಿ ಹುಡುಕುತ್ತಾ ಬರಬೇಕಾಗುತ್ತದೆ. ಪಟ್ಟಿಯನ್ನು ದಿನಕ್ಕೊಮ್ಮೆ ಬದಲಿಸಿ. ಒದ್ದೆಯಾದರೆ ಕೂಡಲೇ ಬದಲಿಸಿ. ನಮ್ಮ ಜೂನ್, ಜುಲೈಯಲ್ಲಿ ಎರಡು ಮೂರು ಸಲ ಬದಲಿಸಬೇಕಾಗಿ ಬಂದರೂ ಆಶ್ಚರ್ಯವಿಲ್ಲ. ಜೆಲ್ಲಿಯ ತೇವ ಬೇರೆ, ಮಳೆನೀರು ಕುಡಿದ ಪಟ್ಟಿಯ ತೇವ ಬೇರೆ.

ಗಾಜ್ ಗಾಯಕ್ಕೆ ಅಂಟಿಕೊಂಡಿದ್ದರೆ ಕೀಳಬೇಡಿ. ಮೆಡಿಕಲ್‌ನಲ್ಲಿ ಸಿಗುವ ಶುದ್ಧ ಉಪ್ಪುನೀರಾದ ಸಲೈನ್ ಸುರಿದು ಐದು ನಿಮಿಷ ಬಿಡಿ, ತಾನಾಗಿ ಸಡಿಲವಾಗುತ್ತದೆ. ಹಳೆಯ ಡ್ರೆಸ್ಸಿಂಗ್ ಬಿಡಿಸಲು ಪೆರಾಕ್ಸೈಡ್ ಬಳಸುವ ರೂಢಿ ನಮ್ಮಲ್ಲಿಯೂ ಇತ್ತು. ಒಣಗಿದ ರಕ್ತವನ್ನು ಅದು ಬೇಗ ಕರಗಿಸುವುದು ಹೌದು. ಆದರೂ ಸಲೈನ್ ಇರುವಾಗ ಮನೆಯಲ್ಲಿ ಅದರ ಅಗತ್ಯವಿಲ್ಲ.

ಬಾಟಲಿ ಹುಡುಕದೆ ಆಸ್ಪತ್ರೆಗೆ ಹೊರಡಬೇಕಾದ ಗಾಯಗಳು

ಆಳವಾಗಿ ಚುಚ್ಚಿದ ಗಾಯ: ಮೊಳೆ, ಮುಳ್ಳು, ಕತ್ತಿಯ ತುದಿ. ಬಾಯಿ ಕಿರಿದು, ಒಳಗೆ ಆಳ. ಇಂಥದರೊಳಗೆ ಪೆರಾಕ್ಸೈಡ್ ಸುರಿಯುವುದು ಅಪಾಯ. 3%ನ 10 ಮಿಲಿಲೀಟರ್ ದ್ರಾವಣ 100 ಮಿಲಿಲೀಟರಿನಷ್ಟು ಅನಿಲ ಬಿಡುತ್ತದೆ. ಹೊರಬರಲು ದಾರಿ ಇಲ್ಲದಿದ್ದರೆ ಅದು ಅಂಗಾಂಶದೊಳಗೆ, ರಕ್ತನಾಳದೊಳಗೆ ನುಗ್ಗಬಹುದು. ಮುಚ್ಚಿದ ಪೊಳ್ಳುಗಳಿಗೆ ಒತ್ತಡದಿಂದ ಹಾಯಿಸಿದಾಗ ಅನಿಲದ ಗುಳ್ಳೆ ರಕ್ತನಾಳದಲ್ಲಿ ಸಿಕ್ಕಿಕೊಂಡು ಪ್ರಾಣಾಪಾಯವಾದ ಪ್ರಸಂಗಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಸಿರಿಂಜಿನಿಂದ ಗಾಯದೊಳಗೆ ಪೆರಾಕ್ಸೈಡ್ ಚಿಮ್ಮಿಸುವ ಕೆಲಸವನ್ನು ಯಾರೂ ಮಾಡಬೇಡಿ.

ಮಣ್ಣು, ಸೆಗಣಿ, ತುಕ್ಕು ತಾಗಿದ ಗಾಯಕ್ಕೆ ಧನುರ್ವಾಯುವಿನ ಭಯವಿದೆ. ಆ ರೋಗಾಣುವಿನ ಬೀಜಕಗಳನ್ನು ಮನೆಯ ಪೆರಾಕ್ಸೈಡ್ ಕೊಲ್ಲುತ್ತದೆ ಎಂದು ನಂಬಿ ಕೂರಬಾರದು. ಕೊಳಕು ಗಾಯವಾಗಿದ್ದು, ಚುಚ್ಚುಮದ್ದು ತೆಗೆದುಕೊಂಡು ಐದು ವರ್ಷ ಕಳೆದಿದ್ದರೆ ಮತ್ತೆ ತೆಗೆದುಕೊಳ್ಳಬೇಕು. ನಾಯಿ, ಬೆಕ್ಕು ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಆರಂಭಿಸಬೇಕು. ಮಂಗಳೂರಿನವರಿಗೆ ವೆನ್‌ಲಾಕ್ ಇದೆ, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇದೆ.

ಕರಾವಳಿಯವರಾದ ನಮಗೆ ಇನ್ನೂ ಕೆಲವು ಗಾಯಗಳಿವೆ. ತೇಡೆ ಮೀನಿನ ಮುಳ್ಳು, ತೊರಕೆಯ ಬಾಲದ ಮುಳ್ಳು ಚುಚ್ಚಿದರೆ ವಿಷವೂ ಒಳಗೆ ಹೋಗುತ್ತದೆ. ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ, ಸುಟ್ಟುಕೊಳ್ಳದಂತೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿದರೆ ನೋವು ತಗ್ಗುತ್ತದೆ. ಮುಳ್ಳಿನ ಚೂರು ಒಳಗೆ ಮುರಿದು ಉಳಿದಿರಬಹುದು, ಆದ್ದರಿಂದ ವೈದ್ಯರು ನೋಡಲೇಬೇಕು. ಪಚ್ಚಿಲೆ, ಮರುವಾಯಿಯ ಚಿಪ್ಪು ಕುಯ್ದ ಗಾಯ ಕೆಲವೇ ಗಂಟೆಗಳಲ್ಲಿ ಊದಿ ಕೆಂಪು ಹಬ್ಬಿದರೆ ಬೆಳಗಾಗಲಿ ಎಂದು ಕಾಯಬೇಡಿ. ಸಮುದ್ರದ ನೀರಿನ ಕೆಲವು ಬ್ಯಾಕ್ಟೀರಿಯಾಗಳು ಬಹಳ ವೇಗವಾಗಿ ಹರಡುತ್ತವೆ. ಕಾಲಿನಲ್ಲಿ ಗಾಯವಿರುವಾಗ ನಾಟಿಯ ಗದ್ದೆಗೆ ಇಳಿಯಬೇಕಾದರೆ ಗಾಯವನ್ನು ನೀರು ತಾಗದಂತೆ ಮುಚ್ಚಿ, ಸಾಧ್ಯವಾದರೆ ಗಂಬೂಟು ಹಾಕಿ. ಇಲಿ ಜ್ವರದ ರೋಗಾಣು ಒಳಹೊಗುವುದು ಹೆಚ್ಚಾಗಿ ಇಂಥ ಗಾಯಗಳ ಮೂಲಕವೇ.

ಬಾಯಿ ತೆರೆದ ಗಾಯ, ಒತ್ತಿ ಹಿಡಿದರೂ ನಿಲ್ಲದ ರಕ್ತ, ಬೆರಳು ಮರಗಟ್ಟಿದರೆ ಅಥವಾ ಮಡಿಸಲಾಗದಿದ್ದರೆ, ಮುಖದ ಮೇಲಿನ ಗಾಯ: ಹೊಲಿಗೆ ಬೇಕಾಗಬಹುದು, ಆರೆಂಟು ಗಂಟೆಯೊಳಗೆ ತಲುಪಿದರೆ ಒಳ್ಳೆಯದು. ಇನ್ನು ಸಕ್ಕರೆ ಕಾಯಿಲೆ ಇರುವವರ ಕಾಲಿನ ಗಾಯ. ಇದೊಂದನ್ನು ಕೈಮುಗಿದು ಹೇಳುತ್ತೇನೆ. ನೋವು ಇಲ್ಲ ಎಂಬ ಕಾರಣಕ್ಕೆ ಮನೆಯಲ್ಲಿಯೇ ಪೆರಾಕ್ಸೈಡ್ ಹಚ್ಚಿಕೊಂಡು ಒಂದು ತಿಂಗಳು ಕಳೆದ ಹಿರಿಯರೊಬ್ಬರು ಕೊನೆಗೆ ಎರಡು ಬೆರಳು ಕಳೆದುಕೊಂಡರು. ನೋವು ಇರಲಿಲ್ಲ, ಏಕೆಂದರೆ ನರಗಳೇ ಸೋತಿದ್ದವು. ಚಿಕ್ಕ ಗುಳ್ಳೆಯಾದರೂ ಮೊದಲ ದಿನವೇ ತೋರಿಸಿ.

ಕಿವಿ, ಮೂಗು ಚುಚ್ಚಿಸಿದ ಮೇಲೆ

ಚುಚ್ಚಿದ ತೂತು ಕೂಡ ಗಾಯವೇ. ಆದರೆ ಅದು ಒಳಗೆ ಲೋಹ ಇಟ್ಟುಕೊಂಡೇ ಮಾಯಬೇಕಾದ ಗಾಯ. ಲೋಹದ ಸುತ್ತ ಹೊಸ ಚರ್ಮ ಕೊಳವೆಯಂತೆ ಬೆಳೆಯಬೇಕು. ಹಾಲೆಗೆ ಆರರಿಂದ ಎಂಟು ವಾರ ಬೇಕು, ಮೂಗಿನ ಹೊಳ್ಳೆಗೆ ತಿಂಗಳುಗಳೇ ಬೇಕು, ಕಿವಿಯ ಮೇಲಿನ ಗಟ್ಟಿ ಭಾಗವಾದ ಮೃದ್ವಸ್ಥಿಗೆ ಆರು ತಿಂಗಳಿಂದ ವರ್ಷದವರೆಗೆ ಹಿಡಿಯಬಹುದು. ಅಲ್ಲಿ ರಕ್ತನಾಳಗಳಿಲ್ಲ, ಪೋಷಣೆ ಹೊರಪದರದಿಂದ ನಿಧಾನವಾಗಿ ಬರಬೇಕು. ಬೆಳೆಯುತ್ತಿರುವ ಆ ಎಳೆಯ ಚರ್ಮಕ್ಕೆ ದಿನಕ್ಕೆ ಮೂರು ಸಲ ಪೆರಾಕ್ಸೈಡ್ ಬಿದ್ದರೆ ಪ್ರತಿ ಸಲವೂ ಹೊಸದಾಗಿ ಗಾಯವಾದಂತೆ. ಅಕ್ಕನ ಮಗಳ ಕಿವಿಯಲ್ಲಿ ಆಗಿದ್ದೂ ಅದೇ.

ಚುಚ್ಚಿಸುವ ಮೊದಲೇ ಅರ್ಧ ಆರೈಕೆ ಮುಗಿಯುತ್ತದೆ. ನಮ್ಮ ಅಕ್ಕಸಾಲಿಗರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಯಾರೇ ಚುಚ್ಚಲಿ, ಸೂಜಿ ಹೊಸ ಪೊಟ್ಟಣದಿಂದ ನಿಮ್ಮೆದುರೇ ಬರಬೇಕು, ಕೈಗೆ ಗವುಸು ಇರಬೇಕು. ಕೇಳಲು ಸಂಕೋಚ ಬೇಡ. ಮೃದ್ವಸ್ಥಿಗೆ ಕಿವಿ ಚುಚ್ಚುವ ಗನ್ನಿನಿಂದ ಹೊಡೆಸಬೇಡಿ. ಅದು ಮೊಂಡು ಕಡ್ಡಿಯನ್ನು ಬಲದಿಂದ ತೂರಿಸುತ್ತದೆ, ಮೃದ್ವಸ್ಥಿ ಬಿರಿಯಬಹುದು. ಆಭರಣದಲ್ಲಿ ನಿಕ್ಕಲ್ ಇದ್ದರೆ ಕೆಲವರಿಗೆ ತುರಿಕೆ, ರಸಿಕೆ ಬರುತ್ತದೆ. ಅದನ್ನು ಸೋಂಕು ಎಂದುಕೊಂಡು ಔಷಧ ಸುರಿಯುವವರು ಬಹಳ.

ಆರೈಕೆ ಸರಳ. ಮೆಡಿಕಲ್‌ನಲ್ಲಿ 'ನಾರ್ಮಲ್ ಸಲೈನ್, 0.9%' ಎಂದು ಕೇಳಿ, 100 ಮಿಲಿಲೀಟರಿನ ಬಾಟಲಿ ಸಾಕು. ತೆರೆದದ್ದನ್ನು ದಿನಗಟ್ಟಲೆ ಇಟ್ಟುಕೊಳ್ಳಬೇಡಿ. ದಿನವೂ ಹೊಸತು ತರುವುದು ಕಷ್ಟವಾದರೆ ಸ್ಪ್ರೇ ಡಬ್ಬಿಯಲ್ಲಿ ಬರುವ ಸಲೈನ್ ಕೊಳ್ಳಿ. ದಿನಕ್ಕೆ ಎರಡು ಸಲ, ಕೈ ತೊಳೆದು, ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ಚೆನ್ನಾಗಿ ನೆನೆಸಿ, ತೂತಿನ ಹಿಂದೆ ಮುಂದೆ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಒಣಗಿದ ಪೊರೆ ಮೆತ್ತಗಾಗಿ ತಾನೇ ಬಂದರೆ ಒರೆಸಿ, ಬಾರದಿದ್ದರೆ ಬಿಡಿ. ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಹತ್ತಿ ಬೇಡ. ಒಣಗಿಸಲು ಮನೆಯವರೆಲ್ಲ ಬಳಸುವ ಬೈರಾಸು ಬೇಡ, ಗಾಜ್ ಅಥವಾ ಟಿಶ್ಯೂ ಸಾಕು.

ತಿರುಗಿಸಬೇಡಿ. ತಿರುಗಿಸದಿದ್ದರೆ ಅಂಟಿಕೊಳ್ಳುತ್ತದೆ ಎಂದು ಅಜ್ಜಿಯಂದಿರು ಹೇಳುತ್ತಾರೆ, ಆದರೆ ಪ್ರತಿ ಸುತ್ತಿಗೂ ಒಳಗಿನ ಎಳೆ ಚರ್ಮ ಹರಿಯುತ್ತದೆ. ಸ್ಪಿರಿಟ್, ಡೆಟಾಲ್ ಬೇಡ. ಅರಿಶಿನ ಹಾಕಿ ಕಾಯಿಸಿದ ತೆಂಗಿನೆಣ್ಣೆಯ ಮೇಲೆ ನನ್ನ ಅಮ್ಮನಿಗೆ ಅಪಾರ ನಂಬಿಕೆ ಇತ್ತು. ಎಣ್ಣೆಯ ಜಿಡ್ಡಿನಲ್ಲಿ ಧೂಳು ಕೂರುತ್ತದೆ, ಅಡುಗೆಮನೆಯ ಅರಿಶಿನ ಶುದ್ಧೀಕರಿಸಿದ ಔಷಧವಲ್ಲ. ಮಾಯ್ದ ಮೇಲೆ ಎಷ್ಟು ಬೇಕಾದರೂ ಹಚ್ಚಿಕೊಳ್ಳಿ ಎಂದು ಹೇಳಿ ಅವರನ್ನು ಒಪ್ಪಿಸಿದ್ದೆ. ಮಲ್ಪೆ, ಪಣಂಬೂರಿನ ಸಮುದ್ರ ಸ್ನಾನ, ಕೆರೆ, ಈಜುಕೊಳ ಎಲ್ಲವನ್ನೂ ಮಾಯುವವರೆಗೆ ಮುಂದೂಡಿ. ಹೆಲ್ಮೆಟ್ಟನ್ನು ನಿಧಾನವಾಗಿ ಏರಿಸಿ. ಮದುವೆಗೆ ಹೋಗುವಾಗ ಮಲ್ಲಿಗೆಯ ಚೆಂಡು ಕಿವಿಗೆ ತಾಗದಂತೆ ಹಿಂದಕ್ಕೆ ಮುಡಿಯಿರಿ. ಚುಚ್ಚಿದ ಕಿವಿಯನ್ನು ಅಡಿಗೆ ಹಾಕಿ ಮಲಗಬೇಡಿ.

ಮೊದಲ ಕೆಲವು ವಾರ ಬಿಳಿಯಾದ ಅಥವಾ ತಿಳಿಹಳದಿಯ ದ್ರವ ಬಂದು ಒಣಗಿ ಪೊರೆಯಾಗುವುದು ಸಹಜ, ಅದು ಕೀವಲ್ಲ. ದಪ್ಪಗಿನ ಹಳದಿ ಅಥವಾ ಹಸಿರು ಕೀವು, ದಿನೇ ದಿನೇ ಹೆಚ್ಚುವ ಕೆಂಪು, ಮುಟ್ಟಿದರೆ ಬಿಸಿ, ಬಡಿದಂತೆ ನೋವು, ಜ್ವರ, ಇವು ಸೋಂಕಿನ ಲಕ್ಷಣಗಳು. ಮೃದ್ವಸ್ಥಿಯಲ್ಲಿ ಹೀಗಾದರೆ ಅದೇ ದಿನ ಕಿವಿ, ಮೂಗು, ಗಂಟಲು ತಜ್ಞರ ಬಳಿಗೆ ಹೋಗಿ. ಅಲ್ಲಿ ಸೋಂಕು ತರುವುದು ಹೆಚ್ಚಾಗಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ, ಸಾಮಾನ್ಯ ಮಾತ್ರೆಗಳಿಗೆ ಅದು ಬಗ್ಗುವುದಿಲ್ಲ. ತಡವಾದರೆ ಕಿವಿಯ ಆಕಾರವೇ ಮುದುಡಿಹೋಗುತ್ತದೆ. ಗಾಬರಿಯಿಂದ ಆಭರಣವನ್ನು ನೀವೇ ಕಿತ್ತುಬಿಡಬೇಡಿ. ತೂತು ಮುಚ್ಚಿದರೆ ಕೀವು ಒಳಗೇ ಉಳಿಯುತ್ತದೆ. ತೆಗೆಯಬೇಕೇ ಎಂಬುದನ್ನು ವೈದ್ಯರು ಹೇಳಲಿ. ಮನೆಯವರಲ್ಲಿ ಯಾರಿಗಾದರೂ ಗಾಯದ ಕಲೆ ಗಂಟಿನಂತೆ ಬೆಳೆಯುವ ಕೀಲಾಯ್ಡ್ ಇದ್ದರೆ ಮೃದ್ವಸ್ಥಿ ಚುಚ್ಚಿಸುವ ಆಸೆಯನ್ನೇ ಬಿಡುವುದು ಲೇಸು.

ಅಕ್ಕನ ಮಗಳ ಕಿವಿಯಲ್ಲಿ ಕೀವು ಇರಲಿಲ್ಲ, ಬಿಸಿಯೂ ಇರಲಿಲ್ಲ. ಪೆರಾಕ್ಸೈಡ್ ನಿಲ್ಲಿಸಿ ಸಲೈನ್ ಮಾತ್ರ ಕೊಟ್ಟೆ. ಒಂದು ವಾರದಲ್ಲಿ ಸುಲಿಯುವುದು ನಿಂತಿತು, ಮೂರನೆಯ ವಾರಕ್ಕೆ ಕೆಂಪು ಇಳಿಯಿತು.

ಹಾಗಾದರೆ ಆ ಬಾಟಲಿಯನ್ನು ಏನು ಮಾಡುವುದು?

ಎಸೆಯಬೇಕಿಲ್ಲ. ಬಟ್ಟೆಯ ಮೇಲಿನ ರಕ್ತದ ಕಲೆಗೆ ಅದಕ್ಕೆ ಸಮನಾದದ್ದಿಲ್ಲ. ನನ್ನ ಬಿಳಿಯ ಸಮವಸ್ತ್ರ ಅಷ್ಟು ವರ್ಷ ಬಿಳಿಯಾಗಿಯೇ ಉಳಿದದ್ದು ಅದರಿಂದಲೇ. ತಣ್ಣೀರಿನಲ್ಲಿ ನೆನೆಸಿ, ಕಲೆಯ ಮೇಲೆ 3% ಸುರಿದು, ನೊರೆ ಎದ್ದ ಮೇಲೆ ತೊಳೆಯಿರಿ. ಬಣ್ಣದ ಬಟ್ಟೆಯಾದರೆ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಕಿವಿಯ ಗುಗ್ಗೆ ಮೆತ್ತಗಾಗಿಸಲು, ಒಸಡಿನ ತೊಂದರೆಗೆ ತೆಳುವಾಗಿಸಿ ಬಾಯಿ ಮುಕ್ಕಳಿಸಲು ವೈದ್ಯರು ಕೆಲವು ದಿನಕ್ಕೆ ಹೇಳುವುದುಂಟು. ಅವರು ಹೇಳಿದ ಅಳತೆ, ಅವರು ಹೇಳಿದಷ್ಟೇ ದಿನ. ಕಿವಿಯ ತಮಟೆಯಲ್ಲಿ ತೂತು ಇರುವವರು ಹನಿಯನ್ನೂ ಬಿಡಬಾರದು.

ವಿನೆಗರ್, ಬ್ಲೀಚಿಂಗ್ ಪುಡಿಯ ಜೊತೆ ಎಂದಿಗೂ ಬೆರೆಸಬೇಡಿ. ಬೆಳಕು ಬಿದ್ದರೆ ಕೆಡುತ್ತದೆ, ಆದ್ದರಿಂದ ಅದರ ಕಂದು ಬಾಟಲಿಯಲ್ಲಿಯೇ, ಮಕ್ಕಳ ಕೈಗೆ ಎಟುಕದ ಕಪಾಟಿನಲ್ಲಿ ಇರಲಿ. ಹಳೆಯದಾಯಿತೇ ಎಂಬ ಅನುಮಾನ ಬಂದರೆ ಹಸಿ ಬಟಾಟೆಯ ಮೇಲೆ ಬಿಡಿ, ನೊರೆ ಏಳದಿದ್ದರೆ ಬಚ್ಚಲಿಗೆ ಚೆಲ್ಲಿ. ಕುಡಿಯುವ ನೀರಿನ ಬಾಟಲಿಗೆ ಮಾತ್ರ ಅದನ್ನು ಯಾವ ಕಾರಣಕ್ಕೂ ತುಂಬಿಸಬೇಡಿ. ನೋಡಲು ಅದು ನೀರಿನಂತೆಯೇ ಇರುತ್ತದೆ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಬಾಯಿ ತೊಳೆಸಿ, 108ಕ್ಕೆ ಕರೆ ಮಾಡಿ, ಬಾಟಲಿಯನ್ನು ಜೊತೆಯಲ್ಲಿಯೇ ಆಸ್ಪತ್ರೆಗೆ ಒಯ್ಯಿರಿ. ಎಷ್ಟು ಶೇಕಡದ ದ್ರಾವಣ ಎಂಬುದನ್ನು ವೈದ್ಯರು ಮೊದಲು ಕೇಳುತ್ತಾರೆ. ಕಣ್ಣಿಗೆ ಸಿಡಿದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು 15 ನಿಮಿಷ ನೀರು ಹರಿಸಿ, ಆಮೇಲೆ ಕಣ್ಣಿನ ವೈದ್ಯರಿಗೆ ತೋರಿಸಿ.